ಇನ್ನೂರಾ ಹನ್ನೆರಡನೇ ಕಂಬ

ಕಂಬಕ್ಕೆ ಗಾಲಿ ಹಚ್ಚಿದವನನ್ನು ನಾನು ಒಂದೇ ಒಂದು ಸಲ ಭೇಟಿಯಾಗಬೇಕು. ಅವನ ಕೈಗೆ ನೂರೈವತ್ತು ಕಡಕ್ ರೊಟ್ಟಿಯ ಬುಟ್ಟಿ ಕೊಟ್ಟು, ಬೆಳಗಿನ ಆರು ಗಂಟೆಯ ಬಂಡಿಯಲ್ಲಿ ಹತ್ತಿ ಜಿನ್ನಿನ ಮೈದಾನದಿಂದ ಹಳೇ ಬಸ್‌ಸ್ಟ್ಯಾಂಡಿನವರೆಗೆ ನಿಲ್ಲಿಸಿಕೊಂಡು ಹೋಗಬೇಕು. ಇಳಿದ ಮೇಲೆ ಬುಟ್ಟಿಯಲ್ಲಿ ಉಳಿದ ಪುಡಿಯನ್ನು ಅವನಿಗೇ ತಿನ್ನಿಸಬೇಕು. ನನಗೆ ಬೇರೆ ಆಸೆಯಿಲ್ಲ.

ಮೊದಲು ನಮ್ಮ ಹುಬ್ಬಳ್ಳಿಯಲ್ಲಿ ಬಸ್ ನಿಲ್ದಾಣವೆಂದರೆ ನೆಲದಲ್ಲಿ ಹೂತ ಕಂಬವಾಗಿತ್ತಂತೆ. ನಾನು ಹುಟ್ಟುವ ಹೊತ್ತಿಗೆ ಆ ಕಾಲ ಮುಗಿದಿತ್ತು. ಜನ ನಿಲ್ದಾಣ ಹುಡುಕಿಕೊಂಡು ಹೋಗುವ ಬದಲು ನಿಲ್ದಾಣವೇ ಜನರನ್ನು ಹುಡುಕಿಕೊಂಡು ಬಂದರೆ ಹೇಗೆ ಎಂದು ಯಾರೋ ಬುದ್ಧಿವಂತರು ಕೇಳಿದರು. ಕೇಳಲಿಕ್ಕೆ ಎಷ್ಟು ಚೆಂದ ಇದೆ ನೋಡಿ! ಕಂಬಕ್ಕೆ ಗಾಲಿ ಬಂತು, ನೆತ್ತಿಯ ಮೇಲೆ ದೀಪ ಬಂತು. ಚಾಲಕನಿಲ್ಲದ ಉದ್ದನೆಯ ಬಂಡಿಗಳು ಬಂದವು, ಅವುಗಳಿಗೇ ಮೀಸಲಾದ ರಸ್ತೆ ಬಂತು. ಬಂಡಿಯ ಬಾಗಿಲಿಗೆ ಕಾರ್ಡು ತೋರಿಸಿ ಹತ್ತಬೇಕು. ಯಾವ ಕಂಬದಲ್ಲಿ ಎಷ್ಟು ಜನ ಹತ್ತಿದರು ಎಂದು ಚಲನ ಮಂಡಳಿಯ ಗಣಕಯಂತ್ರ ಎಣಿಸುತ್ತದೆ. ಆರು ತಿಂಗಳಿಗೊಮ್ಮೆ ಆ ಎಣಿಕೆ ನೋಡಿ ಕಂಬಗಳನ್ನು ಸರಿಸುತ್ತದೆ, ಕೀಳುತ್ತದೆ, ಇನ್ನೆಲ್ಲೋ ನಿಲ್ಲಿಸುತ್ತದೆ.

ಇಷ್ಟಕ್ಕೇ ನಿಂತಿದ್ದರೆ ನನಗೇಕೆ ಸಿಟ್ಟು ಬರುತ್ತಿತ್ತು? ಕಂಬದ ಬೆನ್ನಿಗೇ ಆರು ನಿಮಿಷದ ನಿಯಮ ಬಂತು. ಕಂಬದಿಂದ ಆರು ನಿಮಿಷ ನಡೆದರೆ ಎಲ್ಲಿಗೆ ಮುಟ್ಟುತ್ತೀರೋ ಅಲ್ಲಿಯವರೆಗಿನ ನೆಲ ‘ಒಳಗು’. ಅದರಾಚೆಯದು ‘ಹೊರಗು’. ಒಳಗಿದ್ದರೆ ನಲವತ್ತು ಅಂತಸ್ತು ಎಬ್ಬಿಸಬಹುದು, ಅಂಗಡಿ, ಶಾಲೆ, ದವಾಖಾನೆ ತೆರೆಯಬಹುದು. ಹೊರಗಿದ್ದರೆ ಮಾರಲಿಕ್ಕೆ ನಾಲ್ಕು ರೊಟ್ಟಿ ತಟ್ಟುವುದಕ್ಕೂ ಪರವಾನಗಿ ಇಲ್ಲ. ನಳ ಒಡೆದರೆ ಯಾರೂ ಬರುವುದಿಲ್ಲ, ಬೀದಿ ದೀಪ ಹೋದರೆ ಹೋಯಿತು. ನಾಲ್ಕೈದು ವರ್ಷ ಕತ್ತಲಲ್ಲಿ ಕೂತು ಜನ ತಾವೇ ಎದ್ದು ಹೋಗುತ್ತಾರೆ. ಹೀಗೆ ಕಂಬ ಇದ್ದಲ್ಲೆಲ್ಲ ಗೋಪುರ ಎದ್ದವು, ನಡುವೆ ಹುಲ್ಲು ಬೆಳೆಯಿತು.

ನಮ್ಮ ಜನ ಹೊಂದಿಕೊಳ್ಳುವುದರಲ್ಲಿ ಜಾಣರು. ಕ್ಷೌರದ ಕುರ್ಚಿಗೂ ಹೊಲಿಗೆ ಮಿಷನ್ನಿಗೂ ಗಾಲಿ ಹಚ್ಚಿಕೊಂಡು ಕಂಬದ ಹಿಂದೆ ಓಡಾಡಿದರು. ಹೆಣ್ಣು ನೋಡಲು ಬಂದವರು ಕುಲ ಕೇಳುವ ಮೊದಲು “ಮನಿ ಒಳಗೋ ಹೊರಗೋ?” ಎಂದು ಕೇಳತೊಡಗಿದರು. ಕಂಬ ಸರಿಯಿತೆಂದು ಮುರಿದ ನಿಶ್ಚಿತಾರ್ಥ ನಮ್ಮ ಓಣಿಯಲ್ಲೇ ಎರಡು ಇವೆ. ಯಾರೂ ಒಂದು ಕಲ್ಲು ಎತ್ತಿ ಒಗೆಯಲಿಲ್ಲ. ನಾನೂ ಒಗೆಯಲಿಲ್ಲ. ಒಗೆಯುವುದು ಎಲ್ಲಿ ಬಂತು, ಈ ಅನ್ಯಾಯದಲ್ಲಿ ನನಗೂ ಸಂಬಳವಿತ್ತು.

ನಾನು ಕಸ್ತೂರಿ ಹಂಚಿನಮನಿ. ಚಲನ ಮಂಡಳಿಯ ನಿಯಂತ್ರಣ ಕೋಣೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ಗಣಕ ಹೇಳಿದ್ದನ್ನು ಒಬ್ಬ ಮನುಷ್ಯ ಒಪ್ಪಬೇಕು ಎಂದು ಕಾಯ್ದೆಯಲ್ಲಿದೆ. ಆ ಮನುಷ್ಯ ನಾನು. ತೆರೆಯ ಮೇಲೆ ಕಂಬದ ಸಂಖ್ಯೆ ಬರುತ್ತದೆ, ಕೆಳಗೆ ಕಾರಣ ಬರುತ್ತದೆ, ನಾನು ಹಸಿರು ಗುಂಡಿ ಒತ್ತುತ್ತೇನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಅಂಥ ಕೆಲಸ. ದಿನಕ್ಕೆ ಮೂವತ್ತು ನಲವತ್ತು ಒತ್ತುತ್ತಿದ್ದೆ, ಚಹಾ ಕುಡಿಯುತ್ತಲೇ ಒತ್ತುತ್ತಿದ್ದೆ.

ಆ ಸೋಮವಾರ ತೆರೆಯ ಮೇಲೆ ಬಂದದ್ದು ಹೀಗಿತ್ತು: ಕಂಬ ೨೧೨. ರೊಟ್ಟಿ ಓಣಿ. ದಿನಕ್ಕೆ ಹತ್ತುವವರು ಒಂಬತ್ತು ಜನ. ತೆಗೆದುಹಾಕುವುದು.

ನಾನು ಚಹಾ ಕೆಳಗಿಟ್ಟೆ. ರೊಟ್ಟಿ ಓಣಿ ನನ್ನ ಓಣಿ. ನೂರಾ ನಲವತ್ತು ಮನೆ, ಮನೆಮನೆಯಲ್ಲೂ ಹಂಚು. ಊರಿನ ಖಾನಾವಳಿಗಳ ಎಲೆಯ ಮೇಲೆ ಬೀಳುವ ರೊಟ್ಟಿಯಲ್ಲಿ ಅರ್ಧ ನಮ್ಮ ಓಣಿಯದು. ಬೆಳಗಾದರೆ ಮುನ್ನೂರಕ್ಕೂ ಹೆಚ್ಚು ಹೆಂಗಸರು ಬುಟ್ಟಿ ಹೊತ್ತು ಬಂಡಿಯಲ್ಲಿ ಹೋಗುತ್ತಾರೆ, ಅವರಲ್ಲಿ ನನ್ನ ಅವ್ವನೂ ಒಬ್ಬಳು. ಒಂಬತ್ತು ಜನರಂತೆ!

ನಮ್ಮ ಮೇಲಧಿಕಾರಿ ಇನಾಮದಾರ್ ಸಾಹೇಬರ ಬಳಿ ಹೋದೆ. ಕೆಟ್ಟವರಲ್ಲ, ಧಾರವಾಡದ ಕಡೆಯ ಮೆತ್ತಗಿನ ಮಾತಿನ ಮನುಷ್ಯ. ಮೆತ್ತಗೆ ಮಾತಾಡುವವರ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟ ಎಂದು ಅವರಿಂದಲೇ ನನಗೆ ಗೊತ್ತಾದದ್ದು.

“ಸರ್, ಗಣಕ ತಪ್ಪು ಎಣಿಸೇತಿ.”

ಅವರು ತೆರೆ ನೋಡಿದರು. “ಅದು ತಪ್ಪು ಎಣಿಸೂದಿಲ್ಲ ಕಸ್ತೂರಿ. ಕಾರ್ಡು ತೋರಿಸ್ದೆ ಬಾಗಲಾ ತಗೀತದೇನು? ನಿಮ್ಮ ಮಂದಿ ಅಲ್ಲೆ ಹತ್ತಲಿಕ್ಕಿಲ್ಲ.”

“ಮತ್ತ ಎಲ್ಲೆ ಹತ್ತತಾರ?”

“ಅದನ್ನ ನೀವು ಮನೀಗೆ ಹೋಗಿ ಕೇಳ್ರಿ. ಹಳೇ ಓಣಿಗಳಿಗೆ ಇದ್ದ ವಿನಾಯ್ತಿ ಈ ಸಲ ತಗದಾರ. ತಕರಾರಿಗೆ ಇಪ್ಪತ್ತೊಂದು ದಿನ ಟೈಮ್ ಅದ. ಅಷ್ಟರಾಗ ದಿನಕ್ಕೆ ನೂರು ಮಂದಿ ಹತ್ತಿದ್ರೆ ಕಂಬ ಇರ್ತದ, ಇಲ್ಲಂದ್ರ ಇಲ್ಲ. ನೂರು ಸಾಕು.”

ಸಂಜೆ ಮನೆಗೆ ಹೋದೆ. ಅವ್ವ ನೀಲವ್ವ ಒಲೆಯ ಮುಂದೆ ಕೂತಿದ್ದಳು. ಹಿಟ್ಟಿಗೆ ಎಸರು ಬಿಟ್ಟು ನಾದುತ್ತಿದ್ದಳು. ಪಕ್ಕದ ಮನೆಯ ಹುಸೇನಬಿ ಚಾಚಿ, ಬೇಯಿಸಿ ತೆಗೆದ ರೊಟ್ಟಿಗಳನ್ನು ಒಲೆಯ ಸುತ್ತ ನಿಲ್ಲಿಸಿ ಕಡಕ್ ಆಗಲು ಬಿಡುತ್ತಿದ್ದಳು. ಇಬ್ಬರದೂ ಮೂವತ್ತು ವರ್ಷದ ಜೊತೆ. ನಾನು ನಿಂತ ಕಾಲಲ್ಲೇ ಕೇಳಿದೆ.

“ಅವ್ವಾ, ಮುಂಜಾನಿ ಬಂಡಿ ಎಲ್ಲೆ ಹತ್ತತೀರಿ?”

“ಎಲ್ಲೆ ಅಂದ್ರ? ಜಿನ್ನಿನ ಮೈದಾನದಾಗ.”

ನಾನು ಏಳುವ ಹೊತ್ತಿಗೆ ಅವ್ವ ಹೋಗಿರುತ್ತಿದ್ದಳು, ಎಲ್ಲಿ ಹತ್ತುತ್ತಾಳೆ ಎಂದು ನಾನು ಕೇಳಿರಲೇ ಇಲ್ಲ. ಜಿನ್ನಿನ ಮೈದಾನವೆಂದರೆ ಬಂಡಿ ಹೊರಡುವ ಜಾಗ. ನಮ್ಮ ಓಣಿಯಿಂದ ಹನ್ನೆರಡು ನಿಮಿಷ ಹಿಂದಕ್ಕೆ ನಡೆಯಬೇಕು. “ಮನಿ ಮುಂದ ಕಂಬ ಬಿಟ್ಟು, ತಲಿ ಮ್ಯಾಗ ಬುಟ್ಟಿ ಹೊತ್ಕೊಂಡು, ಹಿಂದಕ್ಕ ನಡಕೋಂತ ಹೋಗತೀರಿ?”

“ಸೀಟ್ ಸಿಗಬೇಕಲ್ಲವಾ” ಎಂದಳು ಅವ್ವ, ಇದೇನು ಕೇಳುತ್ತಾಳೆ ಎಂಬಂತೆ. “ಮೈದಾನದಾಗ ಹಳ್ಳಿ ಬಸ್ಸಿನ ಮಂದೆಲ್ಲಾ ಇಳದು ಬಂಡಿ ಹತ್ತತಾರ. ಇಲ್ಲಿಗೆ ಬರೂದ್ರಾಗ ತುಂಬಿ ತುಳಕತಿರತೈತಿ. ನಿಂತ್ಕೊಂಡು ಹೋದ್ರ ಯಾರರ ಒಬ್ರು ಮೊಣಕೈ ಹಾಯಿಸಿದ್ರ ಸಾಕು, ಬುಟ್ಟಿ ಪುಡಿಪುಡಿ. ಕಡಕ್ ರೊಟ್ಟಿ ತೊಡಿ ಮ್ಯಾಗ ಇಟ್ಕೊಂಡು ಕುಂತ್ರಷ್ಟ ಮುಟ್ಟತೈತಿ.”

“ಮೊದಲಿಂದ್ಲೂ ಹಂಗ ಮಾಡತೇವಿ” ಎಂದಳು ಹುಸೇನಬಿ. “ನಮ್ಮ ಅತ್ತಿನೂ ಹಂಗ ಮಾಡತಿದ್ಲು.”

ಹೌದು, ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ ಇದು? ಸೀಟು ಬೇಕೆಂದರೆ ಹಿಂದಕ್ಕೆ ಹೋಗಿ ಹತ್ತಬೇಕು. ಗೊತ್ತಿಲ್ಲದ್ದು ಗಣಕಕ್ಕೆ ಮಾತ್ರ. ಅದನ್ನು ಬರೆದವರು ಒಂದು ದಿನವಾದರೂ ನಿಂತು ಪ್ರಯಾಣ ಮಾಡಿದವರಲ್ಲ. ಹತ್ತಿದ್ದನ್ನು ಎಣಿಸು ಎಂದರು, ಇಳಿದದ್ದನ್ನು ಎಣಿಸು ಎನ್ನಲಿಲ್ಲ. ಹೆಂಗಸರು ಸಂಜೆ ನಮ್ಮ ಕಂಬದಲ್ಲೇ ಇಳಿಯುತ್ತಿದ್ದರು. ಇಳಿದವರು ಎಲ್ಲಿ ಹಾಳಾಗಿ ಹೋದರೇನು?

ಮರುದಿನ ತೆರೆಯ ಮೇಲೆ ಜಿನ್ನಿನ ಮೈದಾನದ ಕಡತ ತೆಗೆದು ನೋಡಿದೆ. ಮೈಯೆಲ್ಲ ಉರಿದುಹೋಯಿತು. ನಮ್ಮ ಮುನ್ನೂರು ಹೆಂಗಸರ ಕಾಲು ಆ ಕಂಬದ ಎಣಿಕೆಗೆ ಸೇರಿ, ಅದು ಊರಿನ ಐದನೇ ದೊಡ್ಡ ಕಂಬವಾಗಿತ್ತು. ಮೈದಾನದ ಸುತ್ತ ಒಂದು ಮನೆ ಇಲ್ಲ, ಬರೀ ಜಾಲಿಗಿಡ. ಆ ಜಾಲಿಗಿಡದ ನೆಲಕ್ಕೆ ಮೂರು ಗೋಪುರಗಳ ಮಂಜೂರಾತಿ ಸಿಕ್ಕಿತ್ತು. ಅವ್ವಂದಿರು ಇಷ್ಟು ವರ್ಷ ಬುಟ್ಟಿ ಹೊತ್ತು ನಡೆನಡೆದು, ಯಾರದೋ ಬಯಲನ್ನು ಬಂಗಾರ ಮಾಡಿ, ತಮ್ಮ ಓಣಿಯನ್ನು ತಾವೇ ಸುಡುಗಾಡಿನ ಪಟ್ಟಿಗೆ ಸೇರಿಸಿಕೊಂಡಿದ್ದರು. ಸೀಟಿನ ಸಲುವಾಗಿ!

“ಇಳಿದವರನ್ನೂ ಎಣಿಸ್ರಿ ಸರ್. ಬಾಗಿಲಿಗೆ ಕಣ್ಣೈತಿ, ಎಣಿಸಾಕ ಬರತೈತಿ. ಇಲ್ಲಂದ್ರ ಬುಟ್ಟಿಯವರಿಗೆ ನಾಕು ಸೀಟು ಮೀಸಲಿಡ್ರಿ” ಎಂದು ಇನಾಮದಾರರ ಮುಂದೆ ನಿಂತು ಜಗಳವಾಡಿದೆ.

“ಒಂದು ಓಣಿ ಸಲುವಾಗಿ ಇಡೀ ಊರಿನ ಲೆಕ್ಕಾ ತಿದ್ದಲಿಕ್ಕೆ ಬರೂದಿಲ್ಲ ಕಸ್ತೂರಿ. ನಿಯಮ ಎಲ್ಲಾರಿಗೂ ಒಂದಽ.”

“ನೀವು ಹೆಂಗ ಬರತೀರಿ ಸರ್ ಆಫೀಸಿಗೆ?”

ಅವರಿಗೆ ಮಂಡಳಿಯ ಕಾರಿತ್ತು.

ಮೊದಲ ದಿನ ನಾನು ದಡ್ಡತನ ಮಾಡಿದೆ. ಎಲ್ಲರೂ ನಾಳೆಯಿಂದ ನಮ್ಮ ಕಂಬದಲ್ಲೇ ಹತ್ತಿರಿ ಎಂದು ಮನೆಮನೆಗೆ ಹೇಳಿ ಬಂದೆ. ಬೆಳಗ್ಗೆ ಮುನ್ನೂರು ಹೆಂಗಸರು ಬುಟ್ಟಿ ಹಿಡಿದು ಸಾಲಾಗಿ ನಿಂತರು. ಬಂಡಿ ಬಂತು, ಬಾಗಿಲು ತೆರೆಯಿತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಇಬ್ಬರು ನುಗ್ಗಿದರು, ಬಾಗಿಲು ಮುಚ್ಚಿತು. ನಾಲ್ಕು ನಿಮಿಷಕ್ಕೆ ಇನ್ನೊಂದು ಬಂತು. ಅದೂ ಹಾಗೇ. ಒಂದು ಬಂಡಿಯಂತೂ ನಿಲ್ಲದೆಯೇ ಹೋಯಿತು. ಇಳಿಯುವವರಿಲ್ಲದಿದ್ದರೆ ತುಂಬಿದ ಬಂಡಿ ನಿಲ್ಲಬೇಕಾಗಿಲ್ಲ ಎಂದು ನಿಯಮವಿದೆ. ಬಿಸಿಲೇರುವವರೆಗೆ ನಿಂತು ಒಟ್ಟು ಮೂವತ್ತೆಂಟು ಜನ ಹತ್ತಿದರು. ಉಳಿದವರು ಕಂಬದ ಕೆಳಗೆ ನಿಂತಿದ್ದು ಗಣಕದ ಕಣ್ಣಿಗೆ ಬೀಳುತ್ತಿತ್ತು, ಎಣಿಕೆಗೆ ಬೀಳುತ್ತಿರಲಿಲ್ಲ.

ಹತ್ತಿದವರಲ್ಲಿ ಅವ್ವನೂ ಇದ್ದಳು. ಮಧ್ಯಾಹ್ನ ಬುಟ್ಟಿಯ ಸಮೇತ ಹಿಂದೆ ಬಂದಳು. ಖಾನಾವಳಿಯವ ಅರಿವೆ ಬಿಚ್ಚಿ ನೋಡಿ, “ನೀಲಕ್ಕಾ, ಇದನ್ನ ಚಮಚೆ ಹಾಕಿ ಬಡಸಲೇನು?” ಎಂದನಂತೆ. ಅವ್ವ ಆ ಪುಡಿಯನ್ನು ಮಜ್ಜಿಗೆಗೆ ಹಾಕಿ ನನ್ನ ಮುಂದೆ ಇಟ್ಟಳು. ನಾನು ತಿಂದೆ.

ಉಪಾಯ ಹೇಳಿದವಳು ಹುಸೇನಬಿ. ಮರುದಿನ ಸಂಜೆ ಓಣಿಯ ಹೆಂಗಸರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿದ್ದರು. ಎಲ್ಲರ ಮಾತೂ ಮುಗಿದ ಮೇಲೆ ಆಕೆ ಕೇಳಿದಳು: “ಮೈದಾನದಾಗ ಹತ್ತಿ ಸೀಟ್ ಹಿಡೀತೇವಿ. ಬಂಡಿ ಇಲ್ಲಿಗೆ ಬಂದಾಗ ಬುಟ್ಟಿ ಸೀಟಿನ ಮ್ಯಾಗ ಇಟ್ಟು, ಇಳದು, ಮತ್ತ ಕಾರ್ಡ್ ತೋರಿಸಿ ಹತ್ತಿದ್ರ?”

ಎಲ್ಲರೂ ನನ್ನ ಮುಖ ನೋಡಿದರು. ನನಗೆ ನಗು ಬಂತು. ನಮ್ಮ ಕಡೆ ಸೀಟಿನ ಮೇಲೆ ಒಂದು ಕರ್ಚೀಫು ಒಗೆದರೆ ಅದು ಕಚೇರಿಯಲ್ಲಿ ಖರೀದಿಪತ್ರ ನೋಂದಾಯಿಸಿದ ಹಾಗೆ, ಇನ್ನು ಬುಟ್ಟಿ ಇಟ್ಟರೆ ಅಲುಗಾಡಿಸುವವರು ಯಾರು? ಹೆಂಗಸರಿಗೆ ಪ್ರಯಾಣ ಪುಕ್ಕಟೆ, ಆದ್ದರಿಂದ ಎರಡು ಸಲ ಹತ್ತಿದರೂ ಖರ್ಚಿಲ್ಲ. ಒಂದೇ ಕಾರ್ಡಿನಲ್ಲಿ ಮನೆಮಂದಿಯೆಲ್ಲ ಹತ್ತಲೆಂದು ಮಾಡಿದ ಸವಲತ್ತಿನಿಂದಾಗಿ, ಅದೇ ಕಾರ್ಡು ಮತ್ತೆ ಬಂದರೆ ಗಣಕ ಹೊಸ ಮನುಷ್ಯರೆಂದೇ ಎಣಿಸುತ್ತದೆ. ಅದು ನನಗೆ ಗೊತ್ತಿತ್ತು.

“ಭಾರಿ ಐತಿ ಚಾಚಿ!” ಎಂದೆ.

“ನೂರು ಸಾಕಲ್ಲ?” ಎಂದಳು ಹುಸೇನಬಿ. “ಪಾಳಿ ಹಚ್ಚೂಣು. ಇವತ್ತು ಈ ಸಾಲಿನವರು, ನಾಳಿ ಆ ಸಾಲಿನವರು. ವಯಸ್ಸಾದವರು ಕುಂತಲ್ಲೆ ಕುಂತಿರಲಿ.”

“ಬ್ಯಾಡ” ಎಂದೆ. “ಎಲ್ಲಾರೂ ಇಳೀರಿ, ಎಲ್ಲಾರೂ ಹತ್ರಿ. ಸಂಜಿಮುಂದ ಬರುವಾಗೂ ಇಳದು ಹತ್ತಿ ಮತ್ತ ಇಳೀರಿ. ಒಂಬತ್ತು ಮಂದಿ ಅಂದ್ರಲ್ಲ, ನಾವು ಎಷ್ಟು ಮಂದಿ ಇದ್ದೇವಿ ಅಂತ ಆ ಮುಂಡೇದಕ್ಕ ಗೊತ್ತಾಗಲಿ.”

ನೂರು ಸಾಕಾಗಿತ್ತು. ನನ್ನ ಸಿಟ್ಟಿಗೆ ನೂರು ಸಾಲಲಿಲ್ಲ.

ಅದು ನೋಡಬೇಕಾದ ದೃಶ್ಯ. ಬಂಡಿ ಬಂದು ನಿಲ್ಲುತ್ತಿತ್ತು, ಮುಂದಿನ ಬಾಗಿಲಿನಿಂದ ಸೀರೆ ಎತ್ತಿ ಕಟ್ಟಿದ ಹೆಂಗಸರು ದಬದಬ ಇಳಿಯುತ್ತಿದ್ದರು, ಹಿಂದಿನ ಬಾಗಿಲಿನಿಂದ ಕಾರ್ಡು ತೋರಿಸಿ ಮತ್ತೆ ಹತ್ತುತ್ತಿದ್ದರು. ನಿಂತಿದ್ದ ಹಳ್ಳಿಯ ಗಂಡಸರೇ “ಬುಟ್ಟಿ ನಾವು ನೋಡತೇವ್ರಿ ಯಕ್ಕಾ, ಲಗೂ ಇಳೀರಿ” ಎನ್ನುತ್ತಿದ್ದರು. ಎಪ್ಪತ್ತು ದಾಟಿದ ಅವ್ವನೂ ಮೊಣಕಾಲು ಹಿಡಿದುಕೊಂಡು ಇಳಿಯುತ್ತಿದ್ದಳು, ಮೊಣಕಾಲು ಹಿಡಿದುಕೊಂಡು ಹತ್ತುತ್ತಿದ್ದಳು. ನಾನು ನಿಯಂತ್ರಣ ಕೋಣೆಯಲ್ಲಿ ಕೂತು ೨೧೨ರ ಎಣಿಕೆ ಏರುವುದನ್ನು ನೋಡುತ್ತಿದ್ದೆ. ಮೂರನೇ ದಿನ ಮುನ್ನೂರು, ಐದನೇ ದಿನ ಆರುನೂರು ದಾಟಿತು. ಪಕ್ಕದ ಓಣಿಯ ಗಂಡಸರು ಮಕ್ಕಳು ಕೂಡ ಹುರುಪಿಗೆ ಬಂದು ಇಳಿದು ಹತ್ತತೊಡಗಿದರು. ಆ ಎರಡು ವಾರ ಹೋದಷ್ಟು ಸಂತೋಷವಾಗಿ ನಾನು ಎಂದೂ ಆಫೀಸಿಗೆ ಹೋದದ್ದೇ ಇಲ್ಲ.

ಇಪ್ಪತ್ತೆರಡನೇ ದಿನ ಇನಾಮದಾರರು ತಾವಾಗಿ ನನ್ನ ಕುರ್ಚಿಯ ಹತ್ತಿರ ಬಂದರು. “ಅಭಿನಂದನೆ ಕಸ್ತೂರಿ. ನಿಮ್ಮ ಕಂಬ ಉಳೀತು.”

ತೆರೆಯ ಮೇಲೆ ಹಸಿರು ಅಕ್ಷರದಲ್ಲಿ ಬಂದಿತ್ತು: ಕಂಬ ೨೧೨. ಉಳಿಸುವುದು. ದರ್ಜೆ: ಅತಿ ಬೇಡಿಕೆ.

ನಾನು ಗುಂಡಿ ಒತ್ತಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮನಸ್ಸಿಟ್ಟು ಒತ್ತಿದೆ. ಒತ್ತಿದ ಕೂಡಲೇ ಅದರ ಕೆಳಗೆ ಎರಡನೇ ಸಾಲು ತೆರೆದುಕೊಂಡಿತು.

ಕಂಬದ ಸುತ್ತಲಿನ ನೆಲ: ಒಂದಂತಸ್ತಿನ ನೂರಾ ನಲವತ್ತು ಮನೆ. ಬೇಡಿಕೆಗೆ ತಕ್ಕ ಬಳಕೆ ಇಲ್ಲ. ತೊಂಬತ್ತು ದಿನದಲ್ಲಿ ತೆರವು. ಗೋಪುರ ನಾಲ್ಕು.

ಎರಡು ಸಲ ಓದಿದೆ. ಆ ಕಲಮು ನನಗೆ ಗೊತ್ತಿಲ್ಲದ್ದೇನಲ್ಲ. ಕೆಲಸಕ್ಕೆ ಸೇರಿದಾಗ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ದಿನಕ್ಕೆ ಐದುನೂರು ಜನ ಹತ್ತುವ ಕಂಬದ ಪಕ್ಕದ ನೆಲ ಗಿಡ್ಡ ಮನೆಗಳಿಗೆ ‘ವ್ಯರ್ಥವಾಗಬಾರದು’ ಎಂದು ಅದರಲ್ಲಿದೆ. ಅದು ನಮಗೆ ತಾಗೀತು ಎಂದು ಹೊಳೆದಿರಲಿಲ್ಲ. ಜೀವಮಾನವೆಲ್ಲ ಕಡಿಮೆ ಬಿದ್ದೇವು ಎಂದು ಹೆದರಿದವರಿಗೆ ಹೆಚ್ಚಾದೇವು ಎಂಬ ಹೆದರಿಕೆ ಎಲ್ಲಿಂದ ಬರಬೇಕು?

“ಇದನ್ನ ಒತ್ತೂದಿಲ್ಲ ಸರ್” ಎಂದೆ.

“ಒತ್ತಬ್ಯಾಡ್ರಿ” ಎಂದರು ಇನಾಮದಾರರು, ಅದೇ ಮೆತ್ತಗಿನ ದನಿಯಲ್ಲಿ. “ನಿಮ್ಮ ಮನಿ ವಿಷಯ ಅದ, ನೀವು ಒತ್ತೂದು ಸರಿನೂ ಅಲ್ಲ.” ಪಕ್ಕದ ಕುರ್ಚಿಯ ಹುಡುಗಿಗೆ ಸನ್ನೆ ಮಾಡಿದರು. ಅವಳು ಚಹಾ ಕುಡಿಯುತ್ತಿದ್ದಳು. ಲೋಟ ಕೆಳಗಿಡದೆಯೇ ಒತ್ತಿದಳು. ಅವಳ ಮೇಲೆ ಹೇಗೆ ಸಿಟ್ಟು ಮಾಡಲಿ? ನಾನು ಎಷ್ಟು ಓಣಿಗಳನ್ನು ಹೀಗೆ ಲೋಟ ಕೆಳಗಿಡದೆ ಒತ್ತಿದ್ದೆನೋ, ಆ ಓಣಿಗಳಲ್ಲಿ ಯಾರಿದ್ದರೋ.

“ನಿಮ್ಮ ಮಂದೀನಽ ತೋರಿಸಿದ್ರಲ್ಲ, ಇಲ್ಲೆ ಇಷ್ಟು ಬೇಡಿಕಿ ಅದ ಅಂತ” ಎಂದರು ಇನಾಮದಾರರು. “ಗಣಕ ನಿಮ್ಮ ಮಾತು ಕೇಳ್ತು.”

ನನ್ನ ಗುರುತಿನ ಕಾರ್ಡನ್ನು ಅವರ ಮೇಜಿನ ಮೇಲೆ ಒಗೆದು ಹೊರಗೆ ಬಂದೆ.

ಓಣಿಯಲ್ಲಿ ಸುದ್ದಿ ಅರ್ಧ ಮುಟ್ಟಿತ್ತು. ಕಂಬ ಉಳಿಯಿತು ಎಂಬ ಅರ್ಧ. ಕಂಬಕ್ಕೆ ಹಾರ ಹಾಕಿ ಕುಂಕುಮ ಹಚ್ಚಿದ್ದರು. ನಮ್ಮ ಕಟ್ಟೆಯ ಮೇಲೆ ಹೂರಣ ರುಬ್ಬುವುದು ನಡೆದಿತ್ತು. ಹುಸೇನಬಿ ನನ್ನನ್ನು ನೋಡಿ ಎರಡೂ ಕೈಯಿಂದ ನನ್ನ ಮುಖ ನೀವಿ ಲಟಿಕೆ ಮುರಿದಳು. “ನಮ್ಮ ಹುಡುಗಿ ಉಳಿಸಿದ್ಲು!” ಎಂದಳು. ಅವ್ವ ಮೊಣಕಾಲಿಗೆ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಕೂತಿದ್ದಳು.

ನಾನು ನಿಂತೇ ಹೇಳಿದೆ. ಎರಡನೇ ಸಾಲನ್ನು ಇದ್ದ ಹಾಗೆ ಹೇಳಿದೆ. ನೂರಕ್ಕೆ ನಿಂತಿದ್ದರೆ ಕಂಬವೂ ಉಳಿಯುತ್ತಿತ್ತು, ಓಣಿಯೂ ಉಳಿಯುತ್ತಿತ್ತು ಎಂಬುದನ್ನೂ ಹೇಳಿದೆ. ಮುಚ್ಚಿಡಬಹುದಾಗಿತ್ತು, ಮುಚ್ಚಿಡಲಿಲ್ಲ.

ರುಬ್ಬುವ ಸದ್ದು ನಿಂತಿತು. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಒಬ್ಬಳು ನನ್ನನ್ನು ಬೈದಳು. ಇನ್ನೊಬ್ಬಳು ಅವಳನ್ನು ಬೈದಳು. ಹುಸೇನಬಿ ಸೆರಗು ಬಾಯಿಗೆ ಹಿಡಿದು ಅಳುತ್ತಿದ್ದಳು.

ಅವ್ವ ಮಾತ್ರ ಕೇಳಿದಳು: “ಹಂಗಾರ ಹತ್ತದಿದ್ರೂ ಹೋಗತೇವಿ, ಹತ್ತಿದ್ರೂ ಹೋಗತೇವಿ?”

“ಹೂಂ ಅವ್ವಾ.”

“ಮತ್ತ ಆ ಬಂಡಿ ಯಾರ ಸಲುವಾಗಿ ತಿರಗತೈತಿ?”

ನನಗೆ ಉತ್ತರ ಗೊತ್ತಿತ್ತು. ಹನ್ನೊಂದು ವರ್ಷ ಆ ಉತ್ತರದ ಸಂಬಳ ತಿಂದಿದ್ದೆ.

ಅವ್ವ ಮೊಣಕಾಲಿನ ಗಂಟು ಬಿಚ್ಚಿ ಪಕ್ಕಕ್ಕಿಟ್ಟಳು. ಗೋಡೆ ಹಿಡಿದು ಎದ್ದು ನಿಂತಳು.

“ರಸ್ತೆದಾಗ ಎಮ್ಮಿ ಮಲಗಿದ್ರ ಬಂಡಿ ನಿಲ್ಲತೈತಿ, ನಾ ಕಣ್ಣಾರೆ ನೋಡೇನಿ” ಎಂದಳು. “ಅರ್ಧಾ ತಾಸು ನಿಂತಿತ್ತು, ಹಿಂದ ಎಂಟು ಬಂಡಿ. ಎಮ್ಮಿಗೆ ನಿಲ್ಲೂದು ನಮಗ ನಿಲ್ಲತೈತೋ ಇಲ್ಲೋ, ನಾಳಿ ಮುಂಜಾನಿ ನೋಡೂಣು. ಒಬ್ಬಾಕೀನೂ ಹತ್ತೂದು ಬ್ಯಾಡ. ಎಲ್ಲಾರೂ ರಸ್ತೆದಾಗ ಕುಂಡ್ರೂದು.”

ಆಮೇಲೆ ನನ್ನ ಕಡೆ ತಿರುಗಿದಳು. ಅವ್ವನ ಕಣ್ಣಲ್ಲಿ ಅಷ್ಟು ಸಿಟ್ಟನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅದರಲ್ಲಿ ನನ್ನ ಪಾಲೂ ಇತ್ತು.

“ಎಲ್ಲಾರ್ಕಿಂತ ಮುಂದ ನೀ ಕುಂಡರು.”

“ಹೂಂ” ಎಂದೆ.